ಎರಡು ಗುಂಡುಗಳ ನಡುವೆ

ಶಶಿರೇಖಾ ಮಾಡಿದ ಬಂದೂಕು ಮೊಟ್ಟಮೊದಲು ಉಳಿಸಿದ ಮಗು ಹತ್ತಿ ತುಂಬಿದ ಒಂದು ಗೊಂಬೆ. ನೀಲಿ ಚಡ್ಡಿ, ಬಿಳಿ ಅಂಗಿ ತೊಡಿಸಿ ಅದನ್ನು ಚಿತ್ರದುರ್ಗದಾಚೆಯ ಕಾವಲಿನ ಹುಲ್ಲಿನಲ್ಲಿ ನಿಲ್ಲಿಸಿದ್ದರು. ಹಿಂದೆ ಸೈನ್ಯದ ಫಿರಂಗಿ ಎಳೆಯುವ ಎತ್ತುಗಳನ್ನು ಮೇಯಿಸುತ್ತಿದ್ದ ಕಾವಲು ಅದು. ಈಗ ಅದರ ಒಂದು ಮೂಲೆಗೆ ಬೇಲಿ ಹಾಕಿ ಸಪ್ತಾಂಗ ಆಯುಧ ಸಂಸ್ಥೆ ತನ್ನ ಪರೀಕ್ಷಾ ಮೈದಾನ ಮಾಡಿಕೊಂಡಿತ್ತು. ಪುಟ್ಟ ಗೊಂಬೆಯ ಸುತ್ತ ಆಳೆತ್ತರದ ಗೊಂಬೆಗಳು, ಅವುಗಳ ಕೈಗೆ ಕಟ್ಟಿದ ಮರದ ಕೋವಿಗಳು. ಹೆಲಿಕಾಪ್ಟರ್ ಗುಡ್ಡದ ಹಿಂದಿನಿಂದ ಎದ್ದು ಬಂತು. ಅದರ ಬಾಗಿಲಿನಲ್ಲಿದ್ದ ಆರು ನಳಿಗೆಯ ಬಂದೂಕು ತಿರುಗತೊಡಗಿತು. ದಪ್ಪ ಬಟ್ಟೆಯನ್ನು ಯಾರೋ ಉದ್ದಕ್ಕೆ ಹರಿದ ಹಾಗೆ ಒಂದೇ ಸದ್ದು. ಧೂಳು ಇಳಿದಾಗ ದೊಡ್ಡ ಗೊಂಬೆಗಳೆಲ್ಲ ಚಿಂದಿಯಾಗಿ ಬಿದ್ದಿದ್ದವು. ನೀಲಿ ಚಡ್ಡಿಯದು ಮಾತ್ರ ನಿಂತೇ ಇತ್ತು.

ನೋಡಲು ಬಂದಿದ್ದ ಅಧಿಕಾರಿಗಳು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಸಂಸ್ಥೆಯ ಮುಖ್ಯಸ್ಥ ನಿವೃತ್ತ ಕರ್ನಲ್ ಉತ್ತಯ್ಯನವರು ಶಶಿರೇಖಾಳ ಕೈ ಕುಲುಕಿ, "ಇನ್ನು ಮೇಲೆ ಬಂದೂಕಿಗೆ ಮನಸ್ಸಾಕ್ಷಿ ಇಲ್ಲ ಅಂತ ಯಾರೂ ಹೇಳೋ ಹಾಗಿಲ್ಲಮ್ಮ" ಎಂದರು. ಇಪ್ಪತ್ತು ವರ್ಷ ಆಯುಧಗಳ ನಡುವೆ ಕೆಲಸ ಮಾಡಿದವಳಿಗೆ, ತನ್ನ ಕೆಲಸದ ಬಗ್ಗೆ ನೆಂಟರಿಷ್ಟರ ಮುಂದೆ ತಲೆಯೆತ್ತಿ ಮಾತಾಡಬಹುದು ಎಂದು ಅನ್ನಿಸಿದ್ದು ಆವತ್ತೇ.

ಕಾರ್ಖಾನೆಯಲ್ಲಿ ಎಲ್ಲರೂ ಆ ಬಂದೂಕನ್ನು ಗಾಣ ಎನ್ನುತ್ತಿದ್ದರು. ಹೊಸದಾಗಿ ಸೇರಿದ ಎಂಜಿನಿಯರುಗಳಿಗೆ ಗಾಣದ ಚರಿತ್ರೆಯನ್ನು ಪಾಠ ಮಾಡುವುದು ಶಶಿರೇಖಾಳ ಕೆಲಸ. ಅದನ್ನು ಅವಳು ಕಥೆಯಂತೆ ಹೇಳುತ್ತಿದ್ದಳು. ಅಮೆರಿಕದಲ್ಲಿ ಅಂತರ್ಯುದ್ಧ ನಡೆಯುತ್ತಿದ್ದ ಕಾಲ. ಡಾಕ್ಟರಿಕೆ ಓದಿದ್ದ ಒಬ್ಬಾತ ರೈಲಿನಲ್ಲಿ ಬಂದಿಳಿಯುವ ಗಾಯಾಳುಗಳನ್ನು, ಹೆಣಗಳನ್ನು ನೋಡುತ್ತಿದ್ದ. ಗುಂಡಿಗಿಂತ ಜಾಸ್ತಿ ಜನ ಕಾಯಿಲೆಯಿಂದ ಸಾಯುತ್ತಿದ್ದರು. ನೂರು ಜನರ ಕೆಲಸವನ್ನು ಒಬ್ಬನೇ ಮಾಡುವಂಥ ಬಂದೂಕು ಇದ್ದರೆ ದೊಡ್ಡ ಸೈನ್ಯವೇ ಬೇಡ, ಅಷ್ಟು ಜನ ಸಾಯುವುದೂ ತಪ್ಪುತ್ತದೆ ಎಂದುಕೊಂಡ. ಹಲವು ನಳಿಗೆಗಳನ್ನು ಒಂದು ಅಚ್ಚಿನ ಸುತ್ತ ಕಟ್ಟಿ, ಹಿಡಿಕೆ ಹಾಕಿ ತಿರುಗಿಸಿದ. ಒಂದು ನಳಿಗೆ ಹಾರಿಸುವಾಗ ಉಳಿದವು ತಣ್ಣಗಾಗುತ್ತಿದ್ದವು. ಸೈನ್ಯಗಳೇನೂ ಚಿಕ್ಕವಾಗಲಿಲ್ಲ. ಮುಂದೆ ಅದಕ್ಕೆ ವಿದ್ಯುತ್ ಮೋಟಾರನ್ನೂ ಜೋಡಿಸಿ ನೋಡಿದರು. ಆದರೆ ಅಷ್ಟರಲ್ಲಿ ಹಗುರವಾದ ಒಂಟಿ ನಳಿಗೆಯ ಮೆಷಿನ್ ಗನ್ನುಗಳು ಬಂದು ಇದು ಮ್ಯೂಸಿಯಮ್ಮು ಸೇರಿತು. ಎರಡನೇ ಮಹಾಯುದ್ಧ ಮುಗಿದಾಗ, ಜೆಟ್ ವಿಮಾನಗಳಿಗೆ ವೇಗದ ಬಂದೂಕು ಬೇಕಾಗಿ, ಮ್ಯೂಸಿಯಮ್ಮಿನಿಂದಲೇ ಹಳೆಯದೊಂದನ್ನು ಎತ್ತಿ ತಂದು ಮತ್ತೆ ಮೋಟಾರು ಕಟ್ಟಿದರು. ವಿಯೆಟ್ನಾಂ ಯುದ್ಧದಲ್ಲಿ, ಬಯಲಿಗೆ ಇಳಿಯುತ್ತಿದ್ದ ಹೆಲಿಕಾಪ್ಟರುಗಳ ಮೇಲೆ ಕಾಡಿನೊಳಗಿಂದ ಗುಂಡು ಬೀಳುತ್ತಿದ್ದವು. ಒಂಟಿ ನಳಿಗೆಯ ಬಂದೂಕುಗಳು ಕಾದು ಕೆಂಪಾಗಿ ಸಿಕ್ಕಿಹಾಕಿಕೊಳ್ಳುತ್ತಿದ್ದವು. ಆಗ ಆರು ನಳಿಗೆಯದನ್ನು ಚಿಕ್ಕದು ಮಾಡಿ ಹೆಲಿಕಾಪ್ಟರಿನ ಬಾಗಿಲಿಗೆ ತಂದರು.

ಇಷ್ಟು ಹೇಳಿ ಶಶಿರೇಖಾ ಒಂದು ಮಾತನ್ನು ಒತ್ತಿ ಹೇಳುತ್ತಿದ್ದಳು. "ಬೇರೆ ಬಂದೂಕಿನಲ್ಲಿ ಒಂದು ಗುಂಡು ಸಿಡಿಯದಿದ್ದರೆ ಬಂದೂಕೇ ನಿಂತುಹೋಗುತ್ತೆ. ಇದರಲ್ಲಿ ಹಾಗಲ್ಲ. ತಿರುಗಿಸೋದು ಮೋಟಾರು. ಸಿಡಿಯದ ಗುಂಡನ್ನ ಹೊರಗೆ ಉದುರಿಸಿ ಮುಂದಕ್ಕೆ ಹೋಗುತ್ತೆ."

ಅವಳ ಇಡೀ ಯೋಚನೆ ಹುಟ್ಟಿದ್ದು ಅಲ್ಲಿಂದ. ಸೆಕೆಂಡಿಗೆ ಐವತ್ತು ಗುಂಡು. ಎರಡು ಗುಂಡುಗಳ ನಡುವೆ ಸೆಕೆಂಡಿನ ಐವತ್ತನೇ ಒಂದು ಪಾಲು ಬಿಡುವು. ಮನುಷ್ಯನಿಗೆ ಅದು ರೆಪ್ಪೆ ಅಲುಗಿಸಲೂ ಸಾಲದು, ಯಂತ್ರಕ್ಕೆ ಧಾರಾಳ. ಆ ಬಿಡುವಿನಲ್ಲಿ ಪ್ರತಿ ಗುಂಡನ್ನೂ ನಿಲ್ಲಿಸಿ, 'ನೀನು ಹೋಗಿ ಬೀಳುವ ಜಾಗದಲ್ಲಿ ಮಗು ಇದೆಯೇ?' ಎಂದು ಕೇಳಿದರೆ? ಕ್ಯಾಮೆರಾ ಹೌದು ಎಂದರೆ ಒಂದು ಪುಟ್ಟ ಅಯಸ್ಕಾಂತದ ಚಿಲಕ ಗುಂಡನ್ನು ಚುಚ್ಚಿ ಸಿಡಿಸುವ ಸೂಜಿಯನ್ನು ಹಿಡಿದುಕೊಳ್ಳುತ್ತದೆ, ಗುಂಡು ಸಿಡಿಯದೆ ಕೆಳಗೆ ಉದುರುತ್ತದೆ. ಆ ಸಾಧನಕ್ಕೆ ಅವಳು 'ಬಿಡುವು' ಎಂದೇ ಹೆಸರಿಟ್ಟಳು.

ಮಕ್ಕಳನ್ನು ಗುರುತಿಸಲು ಕ್ಯಾಮೆರಾಕ್ಕೆ ಕಲಿಸಿದ್ದು ಅವಳ ಗಂಡ ಪಂಪಾಪತಿ. ಅವನು ಚಳ್ಳಕೆರೆ ರಸ್ತೆಯ ಸರ್ಕಾರಿ ಶಾಲೆಯಲ್ಲಿ ಪಿ.ಟಿ. ಮೇಷ್ಟ್ರು. ಶಾಲೆಯ ತಾರಸಿಯ ಮೇಲೆ ಕ್ಯಾಮೆರಾ ಇಟ್ಟು, ಕೆಳಗೆ ಮಕ್ಕಳು ಓಡುವುದು, ಕುಂಟಾಬಿಲ್ಲೆ ಆಡುವುದು, ಕೂತು ಮಣ್ಣು ಕೆದಕುವುದು, ತಂಗಿಯನ್ನು ಸೊಂಟದ ಮೇಲೆ ಹೊತ್ತುಕೊಂಡು ನಡೆಯುವುದು, ಎಲ್ಲವನ್ನೂ ಹಿಡಿದು ತಂದ. ಗಂಡಹೆಂಡತಿ ಊಟದ ಮೇಜಿನ ಮುಂದೆ ಕೂತು ಅದನ್ನೆಲ್ಲ ನೋಡಿ ನಗುತ್ತಿದ್ದರು. "ಮಕ್ಕಳು ಓಡೋವಾಗ ಕೈ ಹೆಂಗ ಬೀಸ್ತಾವ ನೋಡು," ಎನ್ನುತ್ತಿದ್ದ ಪಂಪಾಪತಿ. "ದೊಡ್ಡೋರು ಎಷ್ಟೇ ಕುಗ್ಗಿ ಓಡಿದ್ರೂ ಅಂಗೆ ಬೀಸಾಕಾಗಲ್ಲ. ನಿನ್ನ ಮಿಷನ್ನಿಗೆ ಅದನ್ನ ಹೇಳಿಕೊಡು."

ಯಂತ್ರ ಅದನ್ನು ಕಲಿತುಕೊಂಡಿತು.

ಸರ್ಕಾರದ ಒಪ್ಪಿಗೆಯೊಂದಿಗೆ ಗಾಣಗಳು ಮೊದಲು ಹೋದದ್ದು ಮರಾಂಗದ ಸೈನ್ಯಕ್ಕೆ. ಸಮುದ್ರದಾಚೆಯ ಆ ಗುಡ್ಡಗಾಡು ದೇಶದಲ್ಲಿ ಬಂಡಾಯ ಎದ್ದು ಬಹಳ ವರ್ಷವಾಗಿತ್ತು. ಮೊದಲ ವರ್ಷ ಬಂದ ಸುದ್ದಿಗಳೆಲ್ಲ ಒಳ್ಳೆಯವೇ. ಹೆಲಿಕಾಪ್ಟರ್ ಹಾರಿಹೋದ ಜಾಗದಲ್ಲಿ ಸಿಡಿಯದ ಗುಂಡುಗಳು ಬಿದ್ದಿರುತ್ತವೆ, ಅಲ್ಲಿನ ಜನ ಅವನ್ನು ಹೆಕ್ಕಿ ದಾರ ಪೋಣಿಸಿ ಮಕ್ಕಳ ಕೊರಳಿಗೆ ಕಟ್ಟುತ್ತಾರೆ ಎಂದು ಯಾರೋ ಹೇಳಿದರು. ಶಶಿರೇಖಾಳನ್ನು ಊರೂರಿಗೆ ಕರೆದು ಶಾಲು ಹೊದಿಸಿದರು.

ಎರಡನೆಯ ವರ್ಷದ ಒಂದು ಬೆಳಿಗ್ಗೆ ಉತ್ತಯ್ಯನವರು ಅವಳನ್ನು ನಿಯಂತ್ರಣ ಕೊಠಡಿಗೆ ಕರೆಸಿದರು. ಮರಾಂಗದ ಗಾಣಗಳು ಕಂಡದ್ದೆಲ್ಲ ಅಲ್ಲಿನ ಗೋಡೆಯಗಲದ ಪರದೆಯ ಮೇಲೆ ಮೂಡುತ್ತಿತ್ತು.

"ಇದನ್ನ ನೋಡಿ," ಎಂದರು.

ಮೇಲಿನಿಂದ ತೆಗೆದ ಚಿತ್ರ. ಒಂದು ಹಳ್ಳಿ. ಹೆಲಿಕಾಪ್ಟರಿನ ನೆರಳು ಊರಿಗೆ ತಾಕುತ್ತಿದ್ದಂತೆ ಮನೆಗಳಿಂದ ಹೆಂಗಸರು ಹೊರಗೆ ಓಡಿ ಬಂದರು. ಒಳಗೆ ಅಡಗಬೇಕಾದವರು ಬಯಲಿಗೆ ಬಂದು ನಿಂತರು. ಪ್ರತಿಯೊಬ್ಬಳೂ ತನ್ನ ಮಗುವನ್ನು ಎರಡೂ ಕೈಯಲ್ಲಿ ತಲೆಯ ಮೇಲಕ್ಕೆ ಎತ್ತಿ ಹಿಡಿದಿದ್ದಳು. ಅಂಗಳದ ತುಂಬ ಎತ್ತಿದ ಮಕ್ಕಳು. ಕೆಲವು ಅಳುತ್ತಿದ್ದವು, ಒಂದೆರಡು ಕೈ ಬೀಸುತ್ತಿದ್ದವು.

"ಇದೇನು ಸರ್?"

"ನಿಮ್ಮ ಬಂದೂಕು ಮಕ್ಕಳನ್ನ ಹೊಡೆಯೋದಿಲ್ಲ ಅಂತ ಅವರಿಗೆ ಗೊತ್ತಾಗಿದೆ."

"ಆದರೆ ಹಳ್ಳಿ ಮೇಲೆ ಹೆಲಿಕಾಪ್ಟರ್ ಯಾಕೆ ಹೋಗ್ತಿದೆ? ಮೊದಲು ಊರು, ಸಂತೆ ಹತ್ತಿರ ಗುಂಡು ಹಾರಿಸೋದೇ ಇರಲಿಲ್ಲವಲ್ಲ?"

ಉತ್ತಯ್ಯನವರು ಚಿತ್ರವನ್ನು ಅಲ್ಲಿಗೇ ನಿಲ್ಲಿಸಿದರು. "ಮೊದಲು ಪೈಲಟ್ಟುಗಳಿಗೆ ಮಕ್ಕಳಿಗೆ ತಾಗೀತು ಅನ್ನೋ ಹೆದರಿಕೆ ಇತ್ತು. ಈಗ ಬಂದೂಕೇ ನೋಡಿಕೊಳ್ಳುತ್ತೆ ಅನ್ನೋ ಧೈರ್ಯ."

ಹೊಸಬರಿಗೆ ತಾನು ಅಷ್ಟು ಸಲ ಹೇಳಿದ್ದ ಕಥೆಯ ಡಾಕ್ಟರನನ್ನು ಶಶಿರೇಖಾ ಯಾವಾಗಲೂ ಮರುಕದಿಂದ ನೋಡಿದ್ದಳು, ಪಾಪ, ಏನೋ ಮಾಡಲು ಹೋದ ಎಂದು. ಆವತ್ತು ಅವನ ಮುಖ ಹೇಗಿದ್ದಿರಬಹುದೆಂದು ಮೊದಲ ಸಲ ಯೋಚಿಸಿದಳು. ಮನೆಗೆ ಹೋದ ಮೇಲೆ ಪಂಪಾಪತಿ ಹೊಸದಾಗಿ ಹಿಡಿದ ಚಿತ್ರ ತೋರಿಸಲು ಬಂದರೆ, "ಇನ್ನು ಬೇಡ ಬಿಡು, ಸಾಕಷ್ಟಿವೆ" ಎಂದಳು. ಯಾಕೆಂದು ಹೇಳಲಿಲ್ಲ.

ಬಂಡುಕೋರರೂ ದಡ್ಡರಲ್ಲ. ಮಳೆಗಾಲ ಕಳೆಯುವಷ್ಟರಲ್ಲಿ ಅವರೂ ಮಕ್ಕಳನ್ನು ಜೊತೆಗೆ ಕರೆದುಕೊಂಡು ನಡೆಯತೊಡಗಿದರು. ಗಾಯಾಳುಗಳನ್ನು ಒಯ್ಯಲು ಕಣಿವೆಗೆ ಇಳಿಯುತ್ತಿದ್ದ ಒಂದು ಹೆಲಿಕಾಪ್ಟರಿನ ಮೇಲೆ ಕಲ್ಲುಗೋಡೆಯ ಹಿಂದಿನಿಂದ ಗುಂಡು ಬಿತ್ತು. ಗೋಡೆಯ ಮೇಲೆ ಮಗುವೊಂದನ್ನು ಕೂರಿಸಿದ್ದರು. ಗಾಣ ತಿರುಗಿತು, ಒಂದು ಗುಂಡನ್ನೂ ಸಿಡಿಸಲಿಲ್ಲ. ಎಲ್ಲವನ್ನೂ ಕೆಳಗೆ ಉದುರಿಸುತ್ತ ತಿರುಗುತ್ತಲೇ ಇತ್ತು. ಹೆಲಿಕಾಪ್ಟರ್ ಉರಿದು ಬಿತ್ತು. ಒಳಗಿದ್ದ ಯಾರೂ ಉಳಿಯಲಿಲ್ಲ.

ಉತ್ತಯ್ಯನವರು ಈ ಸಲ ತಾವೇ ಅವಳ ಕೋಣೆಗೆ ಬಂದು ಎದುರಿನ ಕುರ್ಚಿಯಲ್ಲಿ ಕೂತರು. ಅವರ ಕಣ್ಣು ಕೆಂಪಾಗಿತ್ತು.

"ನಿಯಮ ಬದಲಾಯಿಸಬೇಕಮ್ಮ. ಮಗುವಿನ ಕೈಯಳತೆಯಲ್ಲಿ ಆಯುಧ ಹಿಡಿದವರಿದ್ದರೆ ಬಿಡುವು ಬೇಡ."

"ಅಂದರೆ ಮಗು ಇದೆ ಅಂತ ಗೊತ್ತಿದ್ದೂ ಹೊಡೆಯೋದು."

"ಹೌದು."

"ಅದನ್ನ ನಾನು ಮಾಡಲಾರೆ ಸರ್."

"ಆ ಹೆಲಿಕಾಪ್ಟರಿನಲ್ಲಿ ಒಬ್ಬಳು ನರ್ಸ್ ಇದ್ದಳು, ಒಳಗಿನ ಕ್ಯಾಮೆರಾ ಹಿಡಿದದ್ದನ್ನ ನೋಡಿದಿರಾ? ಕೊನೆಯವರೆಗೂ ಬಂದೂಕಿನ ಕಡೆ ನೋಡ್ತಾ ಇದ್ದಳು. ಯಾಕೆ ಸಿಡೀತಿಲ್ಲ ಅಂತ." ಅವರು ಎದ್ದರು. "ನೀವು ಮಾಡದಿದ್ದರೆ ಆ ಸೈನ್ಯದವರು ಬಿಡುವನ್ನೇ ಕಿತ್ತು ಹಾಕ್ತಾರೆ. ಆಗ ಯಾವ ಮಗುವೂ ಉಳಿಯೋದಿಲ್ಲ. ಕೆಲವರನ್ನಾದರೂ ಉಳಿಸಬೇಕು ಅನ್ನಿಸಿದರೆ ಮಾಡಿ."

ಶಶಿರೇಖಾ ಎರಡು ದಿನ ಊಟ ಸರಿಯಾಗಿ ಮಾಡಲಿಲ್ಲ. ಮೂರನೆಯ ದಿನ ಮಧ್ಯಾಹ್ನ, ಕಾರ್ಖಾನೆಯವರೆಲ್ಲ ಕ್ಯಾಂಟೀನಿನಲ್ಲಿದ್ದಾಗ, ನಿಯಮದ ಒಂದು ಸಾಲನ್ನು ಬದಲಿಸಿದಳು. ನಿಯಮದ ಬೀಗ ತೆರೆಯಲು ಎರಡು ಗುಪ್ತ ಸಂಖ್ಯೆ ಬೇಕಿತ್ತು, ಅವಳದು ಒಂದು, ಉತ್ತಯ್ಯನವರದು ಇನ್ನೊಂದು. ಎರಡೂ ಸೇರಿದಾಗ ಮರಾಂಗದಲ್ಲಿದ್ದ ಎಲ್ಲ ಗಾಣಗಳೂ ಹೊಸ ನಿಯಮವನ್ನು ಒಪ್ಪಿಕೊಂಡವು. ಅದು ಮುಗಿದದ್ದು ಎಷ್ಟು ಬೇಗ ಎಂದರೆ ಕ್ಯಾಂಟೀನಿನಲ್ಲಿ ಅವಳ ಪಾಲಿನ ಮಜ್ಜಿಗೆ ಇನ್ನೂ ತಣ್ಣಗೇ ಇತ್ತು. ಕುಡಿದಳು. ಪಂಪಾಪತಿಗೆ ಹೇಳಲಿಲ್ಲ.

ಸುಗ್ಗಿ ಬಂತು. ಮರಾಂಗದ ಹೆಂಗಸರು ಹೊಸ ಧಾನ್ಯವನ್ನು ಹೊಳೆದಂಡೆಯ ಬಂಡೆಗಳ ಮೇಲೆ ಒನಕೆಯಲ್ಲಿ ಕುಟ್ಟುತ್ತಾರೆ. ಮಕ್ಕಳು ಅಲ್ಲೇ ಆಡುತ್ತಿರುತ್ತವೆ. ಆ ದಿನ ಹೊಳೆಯಾಚೆಯಿಂದ ಯಾರೋ ಹೆಲಿಕಾಪ್ಟರಿಗೆ ಗುಂಡು ಹಾರಿಸಿದರು. ಹೆಲಿಕಾಪ್ಟರ್ ತಿರುಗಿಕೊಂಡಿತು. ಹೆಂಗಸರು ರೂಢಿಯಂತೆ ಮಕ್ಕಳನ್ನು ಎತ್ತಿ ಹಿಡಿದರು. ಒಂದೇ ಕೈಯಲ್ಲಿ ಎತ್ತಿದ್ದ ಕೆಲವರ ಇನ್ನೊಂದು ಕೈಯಲ್ಲಿ ಒನಕೆ ಇನ್ನೂ ಇತ್ತು.

ಶಶಿರೇಖಾ ಅದನ್ನು ಮರುದಿನ ನಿಯಂತ್ರಣ ಕೊಠಡಿಯಲ್ಲಿ ನೋಡಿದಳು. ಯಂತ್ರ ತಾನು ಕಂಡದ್ದರ ಮೇಲೆ ಗೆರೆ ಹಾಕಿ ತೋರಿಸುತ್ತಿತ್ತು. ಮಗು ಎಂದು ಹಸಿರು ಚೌಕ. ಅದರ ಪಕ್ಕದ ಉದ್ದನೆಯ ಕೋಲಿನ ಮೇಲೆ ಆಯುಧ ಎಂದು ಕೆಂಪು ಚೌಕ. ಎರಡರ ನಡುವಿನ ಅಳತೆ. ನಿರ್ಣಯ. ಮತ್ತೆ ಹಸಿರು ಚೌಕ, ಕೆಂಪು ಚೌಕ, ನಿರ್ಣಯ. ಯಂತ್ರ ಎಲ್ಲೂ ಆತುರಪಡಲಿಲ್ಲ. ಪ್ರತಿ ಗುಂಡನ್ನೂ ಕೇಳಿಯೇ ಕಳಿಸಿತ್ತು. ಅವಳು ಬರೆದ ಸಾಲಿನ ಪ್ರಕಾರ ಪ್ರತಿಯೊಂದು ಉತ್ತರವೂ ಸರಿಯಾಗಿತ್ತು.

"ಒನಕೆಯನ್ನ ಗುರುತಿಸೋ ಹಾಗೆ ಕಲಿಸಬೇಕು," ಎಂದರು ಉತ್ತಯ್ಯನವರು. "ಒನಕೆಯ ಚಿತ್ರಗಳನ್ನ ಸೇರಿಸಿ."

"ಒನಕೆ ಆಯಿತು ಸರ್. ಆಮೇಲೆ ಕೊಡೆ? ಕಬ್ಬಿನ ಜಲ್ಲೆ? ಕುಂಟರ ಊರುಗೋಲು? ಹಳೇ ನಿಯಮಕ್ಕೆ ಹೋಗೋಣ. ನನ್ನ ಸಂಖ್ಯೆ ಕೊಡ್ತೀನಿ, ನಿಮ್ಮದು ಕೊಡಿ."

"ಆಗೋದಿಲ್ಲ. ಮೇಲಿನವರು ಒಪ್ಪೋದಿಲ್ಲ."

"ಹಾಗಾದರೆ ನಿಯಮ ಬದಲಾಗಿದೆ ಅಂತ ಆ ಜನಕ್ಕಾದರೂ ಹೇಳಿ. ಅವರು ಇನ್ನೂ ಮಕ್ಕಳನ್ನ ಎತ್ತಿ ಹಿಡೀತಿದ್ದಾರೆ."

"ಅವರಿಗೆ ಹೇಳಿದರೆ ಬಂಡುಕೋರರಿಗೂ ಹೇಳಿದ ಹಾಗೆ. ಈ ಮಾತು ಈ ಕೋಣೆಯಿಂದ ಹೊರಗೆ ಹೋದರೆ ಜೈಲು. ನಿಮಗೂ, ನನಗೂ."

ಅಂದು ಸಂಜೆ ಮನೆಯಲ್ಲಿ ಅವಳು ಪಂಪಾಪತಿಗೆ ಎಲ್ಲವನ್ನೂ ಹೇಳಿದಳು. ಅವನು ಮಲ್ಲಿಗೆ ಗಿಡಕ್ಕೆ ನೀರು ಹಾಕುತ್ತಿದ್ದವನು ಕೊಡಪಾನ ಕೆಳಗಿಟ್ಟು ಕೇಳಿದ.

"ನಮ್ಮ ಶಾಲಿ ಹುಡುಗರನ್ನ ನೋಡಿ ಕಲಿತದ್ದಲ್ಲೇನು ಅದು?" ಎಂದ. "ಮಗು ಯಾವುದು ಅಂತ ಅದಕ್ಕ ಗೊತ್ತಾಗಿದ್ದು ನಮ್ಮಿಂದಾನೆ. ಗೊತ್ತಿದ್ದೂ ಹೊಡೀತಲ್ಲ, ಶಶಿ. ಗೊತ್ತಿಲ್ದಿದ್ರೆ ತಪ್ಪು ಅನ್ನಬಹುದಾಗಿತ್ತು."

"ಬೈದುಬಿಡು ಬೇಕಾದರೆ."

"ಬೈದ್ರ ನಿನಗ ಹಗುರಾಗತೈತಿ. ಅದಕ್ಕ ಬೈಯಲ್ಲ."

ಮರುದಿನ ಅವನು ಶಾಲೆಯ ಮೈದಾನದಲ್ಲಿ ಸೀಟಿ ಊದಲು ಹೋಗಿ ಊದಲಾರದೆ ನಿಂತನಂತೆ. ಮಕ್ಕಳು ಸಾಲಾಗಿ ಓಡಲು ಕಾದಿದ್ದವು. ತಲೆ ಸುತ್ತುತ್ತಿದೆ ಎಂದು ಹೇಳಿ ಮನೆಗೆ ಬಂದುಬಿಟ್ಟ. ಅವನು ಹಗಲು ಹೊತ್ತಿನಲ್ಲಿ ಚಪ್ಪಲಿಯನ್ನೂ ಬಿಡದೆ ಜಗಲಿಯಲ್ಲಿ ಕೂತಿದ್ದನ್ನು ನೋಡಿದ ಮೇಲೆ ಶಶಿರೇಖಾ ನಿರ್ಧಾರ ಮಾಡಿದಳು. ರಜೆ ಹಾಕಿದಳು. ಮರಾಂಗದ ನಿರಾಶ್ರಿತರ ಶಿಬಿರದಲ್ಲಿ ಜೆಸಿಂತಾ ಎಂಬ ಕಾರ್ಕಳದ ನರ್ಸ್ ಇದ್ದಾಳೆಂದು ಪರಿಚಯದವರಿಂದ ತಿಳಿದುಕೊಂಡು, ಅವಳಿಗೆ ಫೋನು ಮಾಡಿ, ತಾನು ಯಾರೆಂದು ಮುಚ್ಚಿಡದೆ ಹೇಳಿ, ಬರಲೇ ಎಂದು ಕೇಳಿದಳು.

"ಬನ್ನಿ," ಎಂದಳು ಜೆಸಿಂತಾ. "ಆದರೆ ಇಲ್ಲಿ ನಿಮಗೆ ಯಾರೂ ಚಾ ಕೊಡ್ಲಿಕ್ಕಿಲ್ಲ, ಹೇಳಿದ್ದೇನೆ."

ಶಿಬಿರ ಬೋಳು ಗುಡ್ಡದ ಇಳಿಜಾರಿನಲ್ಲಿತ್ತು. ನೀಲಿ ಟಾರ್ಪಾಲಿನ ಡೇರೆಗಳು, ಕೆಮ್ಮಣ್ಣು, ನೀರಿಗೆ ಕಾದ ಬಿಂದಿಗೆಗಳು. ಜೆಸಿಂತಾ ಹೆಂಗಸರನ್ನು ಒಂದು ಹುಣಸೆ ಮರದಡಿ ಸೇರಿಸಿದಳು. ಶಶಿರೇಖಾ ಕನ್ನಡದಲ್ಲಿ ಹೇಳಿದಳು, ಜೆಸಿಂತಾ ಅವರ ಮಾತಿನಲ್ಲಿ ಹೇಳಿದಳು.

"ಹೆಲಿಕಾಪ್ಟರ್ ಬಂದರೆ ಮಕ್ಕಳನ್ನ ಎತ್ತಿ ಹಿಡೀಬೇಡಿ. ಬಯಲಿಗೆ ಬರಬೇಡಿ. ತಗ್ಗಿನಲ್ಲಿ ಮಲಗಿ. ಆ ಬಂದೂಕು ಈಗ ಮೊದಲಿನ ಹಾಗಿಲ್ಲ."

ಹೆಂಗಸರು ಮುಖ ಮುಖ ನೋಡಿಕೊಂಡರು. ಇಮೋಲ ಎಂಬವಳು ಎದ್ದು ನಿಂತಳು. ಒಂದು ಮಗು ಸೊಂಟದ ಮೇಲೆ, ಇನ್ನೊಂದು ಲಂಗದ ಅಂಚು ಹಿಡಿದುಕೊಂಡಿತ್ತು. ಹೊಳೆದಂಡೆಯಲ್ಲಿ ಅವಳ ತಂಗಿ ಮತ್ತು ತಂಗಿಯ ಮಗು ಸತ್ತುಹೋಗಿದ್ದರು.

"ಹೋದ ವರ್ಷ ನಾನು ಇವಳನ್ನ ಎತ್ತಿ ಹಿಡಿದಿದ್ದೆ," ಎಂದಳು ಸೊಂಟದ ಮೇಲಿನ ಮಗುವನ್ನು ತೋರಿಸಿ. "ನನ್ನ ಸುತ್ತ ಗುಂಡು ಬಿದ್ದವು, ನಮ್ಮ ಮೇಲೆ ಬೀಳಲಿಲ್ಲ. ನನ್ನ ಕಣ್ಣಾರೆ ನೋಡಿದ್ದೇನೆ. ತಂಗಿ ಸರಿಯಾಗಿ ಎತ್ತಿರಲಿಕ್ಕಿಲ್ಲ. ಎತ್ತುವುದು ತಡವಾಯಿತೇನೋ. ಇದನ್ನೆಲ್ಲ ಹೇಳಲು ನೀನು ಯಾರು?"

ಜೆಸಿಂತಾ ಅದನ್ನು ಕನ್ನಡಕ್ಕೆ ತಿರುಗಿಸಿ ಶಶಿರೇಖಾಳ ಮುಖ ನೋಡಿದಳು.

"ನಿನ್ನ ತಂಗಿ ಸರಿಯಾಗಿಯೇ ಎತ್ತಿದ್ದಳು," ಎಂದಳು ಶಶಿರೇಖಾ. "ನಾನು ನೋಡಿದೆ. ಅವಳ ಕೈಯಲ್ಲಿ ಒನಕೆ ಇತ್ತು. ಒನಕೆಯನ್ನ ಬಂದೂಕು ಅಂದುಕೊಂಡಿತು. ಬಂದೂಕಿನ ಪಕ್ಕ ಮಗು ಇದ್ದರೂ ಹೊಡಿ ಅಂತ ಅದಕ್ಕೆ ಹೇಳಿದವಳು ನಾನು. ಅದನ್ನ ಮಾಡಿದವಳೂ ನಾನೇ."

ಜೆಸಿಂತಾ ಅವಳ ಕಡೆ ತಿರುಗಿದಳು. "ಇದನ್ನೂ ಹೇಳ್ಬೇಕಾ ಮಾರಾಯ್ರೆ?"

"ಹೇಳಿ."

ಜೆಸಿಂತಾ ಹೇಳಿದಳು. ಇಮೋಲ ಹತ್ತಿರ ಬಂದಳು. ಹೊಡೆಯುತ್ತಾಳೆ ಎಂದುಕೊಂಡಳು ಶಶಿರೇಖಾ. ಹೊಡೆಯಲಿ ಎಂದೂ ಆಸೆಪಟ್ಟಳು. ಇಮೋಲ ಅವಳ ಕೈಗಳನ್ನು ನೋಡಿದಳು ಅಷ್ಟೆ. ಮೊದಲು ಅಂಗೈ, ಆಮೇಲೆ ಮಗುಚಿ ಹಿಂಗೈ.

ಆಗ ಗುಡ್ಡದಾಚೆಯಿಂದ ಸದ್ದು ಕೇಳಿತು.

ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಮರದಡಿ ಖಾಲಿಯಾಯಿತು. ಡೇರೆಗಳಿಂದ, ನೀರಿನ ಸಾಲಿನಿಂದ ಹೆಂಗಸರು ಬಯಲಿಗೆ ಓಡಿದರು. ಮಕ್ಕಳು ಮೇಲೇರಿದವು. ಸ್ವಲ್ಪ ದೊಡ್ಡ ಮಕ್ಕಳು ತಾವೇ ಕೈಯೆತ್ತಿ, ಎತ್ತಿಕೋ ಎಂದು ಯಾರ್ಯಾರ ಮುಂದೆಯೋ ನಿಂತವು. "ಬೇಡ! ಮಲಗಿ! ಮಲಗಿ!" ಎಂದು ಶಶಿರೇಖಾ ಕನ್ನಡದಲ್ಲಿ ಕೂಗುತ್ತಿದ್ದಳು. ಇಮೋಲಳ ಕೈಗಳು ಎರಡೇ, ಮಕ್ಕಳೂ ಎರಡು. ಅವಳು ಚಿಕ್ಕದನ್ನು ಎತ್ತಿ ಹಿಡಿದು, ದೊಡ್ಡ ಹುಡುಗಿಯನ್ನು ಶಶಿರೇಖಾಳ ಎದೆಗೆ ತಳ್ಳಿದಳು. ಎತ್ತು, ಎನ್ನುವ ಹಾಗೆ ಗದ್ದ ಮೇಲೆತ್ತಿದಳು.

ಶಶಿರೇಖಾ ಹುಡುಗಿಯನ್ನು ಅಪ್ಪಿಕೊಂಡು ಮಳೆನೀರು ಕೊರೆದಿದ್ದ ಒಂದು ಕೊರಕಲಿಗೆ ಉರುಳಿ ಮಗುವಿನ ಮೇಲೆ ಮಲಗಿಬಿಟ್ಟಳು. ಹುಡುಗಿ ಕಿರುಚಿತು, ಕಚ್ಚಿತು, ಮೇಲೆ ಹೋಗಬೇಕೆಂದು ಒದ್ದಾಡಿತು. ಅದರ ಎದೆ ಹೊಡೆದುಕೊಳ್ಳುವುದು ಅವಳ ಹೊಟ್ಟೆಗೆ ತಾಕುತ್ತಿತ್ತು. ತಲೆಯೆತ್ತಿ ನೋಡಿದರೆ ಇಮೋಲ ಕೊರಕಲಿನ ಅಂಚಿನಲ್ಲಿ ನಿಂತಿದ್ದಳು. ಒಮ್ಮೆ ಆಕಾಶ ನೋಡಿದಳು, ಒಮ್ಮೆ ಕೆಳಗೆ ನೋಡಿದಳು. ಆಮೇಲೆ ಒಮ್ಮೆಲೇ ಕೈಗಳನ್ನು ಇಳಿಸಿ, ಮಗುವನ್ನು ಕಂಕುಳಲ್ಲಿ ಒತ್ತಿಕೊಂಡು ಕೊರಕಲಿಗೆ ಜಾರಿ ಅವರ ಪಕ್ಕದಲ್ಲಿ ಬಿದ್ದಳು.

ಹೆಲಿಕಾಪ್ಟರ್ ತಲೆಯ ಮೇಲೆ ಬಂತು. ಬಿಳಿಯದು. ಪರಿಹಾರದವರದು. ಅಕ್ಕಿಮೂಟೆಗಳನ್ನು ಬಯಲಿನಾಚೆ ಬೀಳಿಸಿ, ಧೂಳೆಬ್ಬಿಸಿ ಹೊರಟುಹೋಯಿತು.

ಬಯಲಿನ ತುಂಬ ನಗು ಎದ್ದಿತು. ಮಕ್ಕಳನ್ನು ಇಳಿಸಿ, ಮುದ್ದಿಸಿ, ಹೆಂಗಸರು ಕೊರಕಲಿನಲ್ಲಿ ಮಣ್ಣು ಮೆತ್ತಿಕೊಂಡಿದ್ದವರನ್ನು ತೋರಿಸಿ ನಕ್ಕರು. ಒಬ್ಬ ಮುದುಕಿ ಬಾಗಿ ಶಶಿರೇಖಾಳಿಗೆ ಏನೋ ಹೇಳಿದಳು.

"ಏನು ಹೇಳಿದರು?" ಎಂದು ಕೇಳಿದಳು ಶಶಿರೇಖಾ.

ಜೆಸಿಂತಾಳ ದನಿ ಒಣಗಿತ್ತು. "ನೋಡಿದೆಯಾ, ಎತ್ತಿದ್ದಕ್ಕೆ ಇವತ್ತೂ ಬಿಟ್ಟಿತು, ಅಂತ."

ಶಶಿರೇಖಾ ಕೊರಕಲಿನಲ್ಲೇ ಕೂತಿದ್ದಳು. ಹುಡುಗಿ ಕಚ್ಚಿದ ಜಾಗದಲ್ಲಿ ರಕ್ತ ಒಸರುತ್ತಿತ್ತು. ಊರಿನಲ್ಲಿ ತನ್ನನ್ನು ಈಗಾಗಲೇ ಹುಡುಕುತ್ತಿರಬಹುದು ಎಂದು ಗೊತ್ತಿತ್ತು. ಇಲ್ಲಿಗೆ ಬರಲು ಅವರಿಗೆ ಹೆಚ್ಚು ದಿನ ಬೇಕಿಲ್ಲ. ಇಷ್ಟು ಜನಕ್ಕೆ, ಇಷ್ಟು ಹಳ್ಳಿಗಳಿಗೆ, ಒಬ್ಬೊಬ್ಬರಿಗೇ ಹೇಳುತ್ತ ಹೋದರೆ ಎಂದಿಗೆ ಮುಗಿದೀತು? ಎತ್ತಿದವರೆಲ್ಲ ಪ್ರತಿ ಸಲ ಉಳಿದಾಗಲೂ ಅವಳ ಮಾತು ಸುಳ್ಳಾಗುತ್ತ ಹೋಗುತ್ತದೆ. ಉಳಿಯದ ದಿನ ಕೇಳಲು ಅವರು ಇರುವುದಿಲ್ಲ.

ಇಮೋಲ ನಗಲಿಲ್ಲ. ಅವಳು ಎದ್ದು ಮಕ್ಕಳನ್ನು ಜೆಸಿಂತಾಳ ಹತ್ತಿರ ಬಿಟ್ಟು ಡೇರೆಗೆ ಹೋದಳು. ಬರುವಾಗ ಕೈಯಲ್ಲಿ ಒಂದು ಗುದ್ದಲಿ ಇತ್ತು. ಅದನ್ನು ಕೊರಕಲಿನೊಳಕ್ಕೆ, ಶಶಿರೇಖಾಳ ಕಾಲ ಬಳಿಗೆ ಎಸೆದು ಏನೋ ಅಂದಳು.

"ನಿನ್ನನ್ನು ಕ್ಷಮಿಸಿಲ್ಲ ಅಂತ ಹೇಳ್ತಿದ್ದಾಳೆ," ಎಂದಳು ಜೆಸಿಂತಾ. "ಮಾತು ಸಾಕು, ಅಗೆ, ಅಂತ."

ಶಶಿರೇಖಾ ಗುದ್ದಲಿ ಎತ್ತಿಕೊಂಡಳು. ಕೆಮ್ಮಣ್ಣು ಗಟ್ಟಿಯಾಗಿತ್ತು, ಮೊದಲ ಏಟಿಗೆ ಕೈ ಜೋಮು ಹಿಡಿಯಿತು. ನಗುತ್ತಿದ್ದವರು ಅಕ್ಕಿಮೂಟೆಗಳ ಕಡೆ ಹೊರಟರು, ಕೆಲವರು ಹಿಂತಿರುಗಿ ನೋಡಿದರು. ಅವಳು ಮೊಣಕಾಲೆತ್ತರದವರೆಗೆ ಅಗೆದು ಬೆವರೊರೆಸಿಕೊಂಡು ಮೇಲೆ ನೋಡಿದಳು, ಇಷ್ಟು ಸಾಕೇ ಎನ್ನುವ ಹಾಗೆ.

ಇಮೋಲ ತನ್ನ ದೊಡ್ಡ ಮಗಳನ್ನು ಕೈಹಿಡಿದು ಗುಂಡಿಗೆ ಇಳಿಸಿ ನಿಲ್ಲಿಸಿದಳು. ಹುಡುಗಿಯ ತಲೆ, ಭುಜ, ಎದೆ ಎಲ್ಲವೂ ಮೇಲಿನಿಂದ ಕಾಣುತ್ತಿತ್ತು. ಇಮೋಲ ಮಗಳ ನೆತ್ತಿಯ ಮೇಲೆ ಕೈಯಿಟ್ಟು, ಆ ಎತ್ತರವನ್ನು ಶಶಿರೇಖಾಳಿಗೆ ತೋರಿಸಿದಳು. ಅದಕ್ಕೆ ಜೆಸಿಂತಾ ಬೇಕಾಗಲಿಲ್ಲ. ಶಶಿರೇಖಾ ಹುಡುಗಿಯನ್ನು ಮೇಲಕ್ಕೆ ಕಳಿಸಿ ಮತ್ತೆ ಅಗೆಯತೊಡಗಿದಳು.